ಜೀಪಿನ ಜೀರ್ಣೋದ್ಧಾರ

ನಮ್ಮ ಹಳೆಯ ಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಹೊಸದಲ್ಲ. ಗುಡಿಯೊಂದಕ್ಕೆ ಭೂಮಿಯನ್ನು ದತ್ತಿ ಬಿಡುವಾಗ ದೇವರ ಅಂಗಭೋಗ, ನೈವೇದ್ಯಗಳ ಜೊತೆಗೇ ಒಡೆದದ್ದನ್ನೂ ಬಿರಿದದ್ದನ್ನೂ ಸರಿಪಡಿಸುವ ವೆಚ್ಚವನ್ನು ದಾನಿಗಳು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಕಟ್ಟಿದ್ದು ಒಂದು ದಿನ ಬಿರಿಯುತ್ತದೆ ಎಂಬ ವಿವೇಕ ಅವರಿಗಿತ್ತು. ಆದರೆ ಜೀರ್ಣೋದ್ಧಾರವೆಂದರೆ ಏನು? ಮೊದಲು ಹೇಗಿತ್ತೋ ಹಾಗೆ ಮಾಡುವುದೇ? ನಡುವೆ ಬಂದವರು ಸೇರಿಸಿದ ಮಂಟಪ, ಗೋಪುರಗಳನ್ನೂ ಉಳಿಸಿಕೊಳ್ಳುವುದೇ? ಗುಡಿಯ ವಿಷಯದಲ್ಲಿ ಪಂಡಿತರು ಬಹುಕಾಲದಿಂದ ಚರ್ಚಿಸುತ್ತಿರುವ ಈ ಪ್ರಶ್ನೆ ಒಂದು ಜೀಪಿನ ವಿಷಯದಲ್ಲಿಯೂ ಏಳಬಲ್ಲದೆಂದರೆ ವಾಚಕರು ನಗಬಾರದು. ಕಲ್ಲೂರಿನಲ್ಲಿ ನಮ್ಮ ಸೋದರಮಾವನವರ ಹಿತ್ತಿಲಿನಲ್ಲಿ ಎರಡು ವರ್ಷ ನಡೆದ ಚರ್ಚೆ ಇದೇ ಆಗಿತ್ತು.

ಜೀಪಿನ ಜನ್ಮವೃತ್ತಾಂತವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. 1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಸಿಗುವಂಥ ಹಗುರವಾದ ಗಾಡಿಯೊಂದು ಬೇಕೆಂದು 135 ಕಂಪನಿಗಳಿಗೆ ಪತ್ರ ಬರೆಯಿತು. ಅವಧಿ ಅಷ್ಟು ಕಡಿಮೆಯಿತ್ತೆಂದರೆ ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಪೆನ್ಸಿಲ್ವೇನಿಯದ ಬ್ಯಾಂಟಮ್ ಎಂಬ ಚಿಕ್ಕ ಕಂಪನಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ ನಕಾಶೆಯಂತೆ ಅದೇ ಸೆಪ್ಟೆಂಬರಿನಲ್ಲಿ ಮೊದಲ ಮಾದರಿಯನ್ನು ಒಪ್ಪಿಸಿತು. ಆದರೆ ಕೀರ್ತಿಯೂ ಹಣವೂ ದೊರೆತದ್ದು ಬೇರೆಯವರಿಗೆ. ಟೊಲಿಡೊ ನಗರದ ವಿಲ್ಲೀಸ್ ಕಂಪನಿ 60 ಅಶ್ವಶಕ್ತಿಯ ಬಲವಾದ ಎಂಜಿನ್ ಕೊಟ್ಟು ಗುತ್ತಿಗೆಯನ್ನು ಗೆದ್ದಿತು. ಫೋರ್ಡ್ ಕಂಪನಿಯೂ ಅದೇ ನಕಾಶೆಯಂತೆ ಗಾಡಿ ಕಟ್ಟಿಕೊಟ್ಟಿತು. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. ‘ಜೀಪ್’ ಎಂಬ ಹೆಸರು ಎಲ್ಲಿಂದ ಬಂತೆಂಬುದಕ್ಕೆ ಎರಡು ಮಾತುಗಳಿವೆ. ‘ಜಿ.ಪಿ.’ ಎಂಬ ಎರಡಕ್ಷರ ಕೂಡಿ ಹಾಗಾಯಿತೆಂಬುದು ಒಂದು. ಪಾಪಾಯ್ ಚಿತ್ರಕಥೆಯಲ್ಲಿ ಎಲ್ಲಿ ಬೇಕಾದರೂ ನುಸುಳಬಲ್ಲ ಜೀಪ್ ಎಂಬ ವಿಚಿತ್ರ ಪ್ರಾಣಿಯಿಂದ ಬಂತೆಂಬುದು ಇನ್ನೊಂದು. ಎರಡನೆಯದೇ ನಿಜವಾಗಿದ್ದರೆ ಅದಕ್ಕಿಂತ ಅನ್ವರ್ಥಕವಾದ ಹೆಸರು ಬೇರೆ ಇರಲಾರದು.

ಯುದ್ಧದ ಈ ಕೂಸು ಶಾಂತಿಕಾಲದಲ್ಲಿ ದೊಡ್ಡ ವಂಶವನ್ನೇ ಬೆಳೆಸಿತು. 1946ರಲ್ಲಿ ಬ್ರೂಕ್ಸ್ ಸ್ಟೀವನ್ಸ್ ಎಂಬ ವಿನ್ಯಾಸಗಾರ ಜೀಪಿಗೆ ಉಕ್ಕಿನ ಮನೆಯನ್ನು ಕಟ್ಟಿದಂತೆ ಸ್ಟೇಷನ್ ವ್ಯಾಗನ್ನನ್ನು ರೂಪಿಸಿದ. ಅವನ ಕೈಯಿಂದಲೇ 1963ರ ಮಾದರಿಯಾಗಿ ವ್ಯಾಗನೀರ್ ಹೊರಬಂತು. ಇಂದು ನಗರದ ಬೀದಿಗಳನ್ನು ತುಂಬಿರುವ ‘ಎಸ್‌ಯುವಿ’ ಎಂಬ ಭಾರೀ ಗಾಡಿಗಳಿಗೆ ಇವೇ ಮುತ್ತಾತಂದಿರು. ಇಂಗ್ಲೆಂಡಿನಲ್ಲಿ ಜೀಪನ್ನು ನೋಡಿಯೇ 1948ರಲ್ಲಿ ಲ್ಯಾಂಡ್ ರೋವರ್ ಹುಟ್ಟಿತು. 1951ರಲ್ಲಿ ಜಪಾನಿನಲ್ಲಿ ಟೊಯೊಟಾ, ನಿಸಾನ್ ಕಂಪನಿಗಳು ತಮ್ಮ ತಮ್ಮ ಜೀಪುಗಳನ್ನು ಮಾಡಿದವು. ನಿಸಾನಿನ ಪೆಟ್ರೋಲ್ ಗಾಡಿಯ ಮುಂದಿನ ತಲೆಮಾರು ಜಬಲ್ಪುರದ ಸೇನಾ ಕಾರ್ಖಾನೆಗೆ ಬಂದು ‘ಜೊಂಗಾ’ ಆಯಿತು. 1960ರ ದಶಕದಿಂದ 1999ರವರೆಗೆ ನಮ್ಮ ಸೇನೆಗಾಗಿ ತಯಾರಾದ ಈ ಗಾಡಿ ಹರಾಜಿನ ಮೂಲಕ ಜನರ ಕೈಗೆ ಬಂತು; ಕೊಡಗಿನ ತೋಟಗಳ ದಾರಿಯಲ್ಲಿ ಅದರ ಗುಡುಗನ್ನು ಕೇಳಿದವರು ಅನೇಕರು.

ನಮ್ಮ ದೇಶದಲ್ಲಿ ಜೀಪಿನ ಕಥೆ ಮುಂಬಯಿಯಿಂದ ಪ್ರಾರಂಭವಾಗುತ್ತದೆ. 1945ರ ಅಕ್ಟೋಬರ್ 2ರಂದು ಮಹೀಂದ್ರ ಸಹೋದರರೂ ಮಲಿಕ್ ಗುಲಾಮ್ ಮಹಮ್ಮದರೂ ಕೂಡಿ ‘ಮಹೀಂದ್ರ ಅಂಡ್ ಮಹಮ್ಮದ್’ ಎಂಬ ಕಂಪನಿಯನ್ನು ಸ್ಥಾಪಿಸಿದರು. ದೇಶ ಎರಡಾದಾಗ ಗುಲಾಮ್ ಮಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಅರ್ಥಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು ‘ಮಹೀಂದ್ರ ಅಂಡ್ ಮಹೀಂದ್ರ’ ಎಂದಾಯಿತು. ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಜೋಡಿಸುವುದರಿಂದ ಆರಂಭಿಸಿದ ಅವರು ಕ್ರಮೇಣ ಜೀಪನ್ನು ಇಲ್ಲಿಯೇ ತಯಾರಿಸಿದರು.

ಇದೇ ಕಾಲಕ್ಕೆ ಸೇರಿದ ಇನ್ನೊಂದು ಪ್ರಸಂಗವನ್ನು ಮರೆಯುವಂತಿಲ್ಲ. 1948ರಲ್ಲಿ ಕಾಶ್ಮೀರದ ಯುದ್ಧ ನಡೆಯುತ್ತಿದ್ದಾಗ ಲಂಡನ್ನಿನಲ್ಲಿ ಹೈಕಮಿಷನರಾಗಿದ್ದ ವಿ. ಕೆ. ಕೃಷ್ಣ ಮೆನನ್ನರು ಸುಮಾರು 80 ಲಕ್ಷ ರೂಪಾಯಿಗಳ ಜೀಪಿನ ಒಪ್ಪಂದಕ್ಕೆ ಸಹಿ ಹಾಕಿದರು. ಕೊಳ್ಳಲು ಹೊರಟದ್ದು ಹೊಸ ಜೀಪುಗಳನ್ನಲ್ಲ, ಹಳೆಯದನ್ನು ರಿಪೇರಿ ಮಾಡಿ ಹೊಸದಾಗಿಸಿದವನ್ನು. ಬಂದದ್ದು 155, ಅವು ಕೆಲಸಕ್ಕೆ ಯೋಗ್ಯವಲ್ಲವೆಂಬ ಕೂಗು ಎದ್ದಿತು. ಸಂಸತ್ತಿನಲ್ಲಿ ವರ್ಷಗಟ್ಟಲೆ ಚರ್ಚೆಯಾಗಿ, 1955ರಲ್ಲಿ ಸರ್ಕಾರ ಆ ಪ್ರಕರಣವನ್ನು ಮುಕ್ತಾಯಗೊಳಿಸಿತು. ಸ್ವತಂತ್ರ ಭಾರತದ ಮೊದಮೊದಲ ಹಗರಣಗಳಲ್ಲಿ ಒಂದು ಕೆಟ್ಟ ಜೀರ್ಣೋದ್ಧಾರದಿಂದಲೇ ಹುಟ್ಟಿತೆಂಬುದು ಗಮನಿಸತಕ್ಕ ಸಂಗತಿ.

ಈಗ ನಮ್ಮ ಸೀಮೆಗೆ ಬರೋಣ. ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರಿನವರೆಗೆ ನಿಜಾಮರ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಕೂಡಿಕೊಂಡಿತು. ರಾಯಚೂರು, ಮಾನ್ವಿ, ದೇವದುರ್ಗಗಳ ನಡುವಿನ ಕಲ್ಲೂರಿನ ಸುತ್ತ ಎರೆಭೂಮಿ ವಿಶೇಷ. ಎರೆಯ ಸ್ವಭಾವ ತಿಳಿಯದವರಿಗೆ ಜೀಪಿನ ಮಹಿಮೆ ತಿಳಿಯುವುದು ಕಷ್ಟ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವ ಈ ಮಣ್ಣು ಒಂದು ಹದ ಮಳೆ ಬಿದ್ದೊಡನೆ ಅಂಟಿನಂತಾಗುತ್ತದೆ. ಬಂಡಿಯ ಗಾಲಿಗೆ ಮೆತ್ತಿಕೊಂಡು ಎತ್ತುಗಳನ್ನೇ ನಿಲ್ಲಿಸಿಬಿಡುತ್ತದೆ. ಇಂಥ ದಾರಿಯಲ್ಲಿ ಹಿಂದಿನ ಎರಡು ಗಾಲಿಗಳು ಜಾರಿದರೂ ಮುಂದಿನ ಎರಡು ಎಳೆದುಕೊಂಡು ಹೋಗುವ ಗಾಡಿಯನ್ನು ಜನ ಬೆರಗಿನಿಂದ ನೋಡಿದ್ದರೆ ಆಶ್ಚರ್ಯವೇನು? 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಪ್ರಾರಂಭವಾಯಿತು. ಬ್ಲಾಕ್ ಅಧಿಕಾರಿಯೆಂದರೆ ಜೀಪು ಎಂಬಂತಾಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು, ಎಡದಂಡೆಯ ಕಾಲುವೆ ಸಿಂಧನೂರು, ಮಾನ್ವಿಗಳತ್ತ ಬಂತು. ಕಾಲುವೆಯ ಏರಿಯ ಮೇಲೆ ಎಂಜಿನಿಯರರ ಜೀಪು ಓಡಾಡಿತು. ಹಳ್ಳಿಗೆ ಸರ್ಕಾರ ಬಂದದ್ದು ಜೀಪಿನಲ್ಲಿ: ಪೊಲೀಸರೂ ಅದರಲ್ಲೇ, ಸಿಡುಬಿನ ಚುಚ್ಚುಮದ್ದಿನವರೂ ಅದರಲ್ಲೇ, ಓಟು ಕೇಳುವವರೂ ಅದರಲ್ಲೇ.

ನಮ್ಮ ಮಾವನವರು 1970ರ ದಶಕದಲ್ಲಿ ಸರ್ಕಾರಿ ಹರಾಜಿನಲ್ಲಿ ಕೊಂಡದ್ದು ಇಂಥದೇ ಒಂದು ಜೀಪು. ಎತ್ತರದ ಮೂತಿಯ ‘ಸಿಜೆ-3ಬಿ’ ಎಂಬ ಮಾದರಿ. ಮೂತಿ ಎತ್ತರವಾದದ್ದಕ್ಕೆ ಕಾರಣವಿದೆ. ಯುದ್ಧಕಾಲದ ಎಂಜಿನ್ನಿನಲ್ಲಿ ಗಾಳಿ ಒಳಬರುವ, ಹೊಗೆ ಹೊರಹೋಗುವ ಕವಾಟಗಳೆರಡೂ ಪಕ್ಕದಲ್ಲಿದ್ದವು. 1953ರ ಈ ಮಾದರಿಗೆ ಕೂರಿಸಿದ ‘ಹರಿಕೇನ್’ ಎಂಜಿನ್ನಿನಲ್ಲಿ ಒಳಬರುವ ಕವಾಟವನ್ನು ತಲೆಯ ಮೇಲೆ ಇಟ್ಟರು. ಬಲ ಹೆಚ್ಚಿತು, ಎಂಜಿನ್ ಎತ್ತರವಾಯಿತು. ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಅಮೆರಿಕದಲ್ಲಿ ಇದು ಅಷ್ಟು ಸುಂದರವಲ್ಲವೆಂದು ಕೆಲವರು ಮೂಗು ಮುರಿದರಂತೆ. ಭಾರತದಲ್ಲಿ ಮಾತ್ರ ಹಲವು ದಶಕಗಳ ಕಾಲ ಜೀಪೆಂದರೆ ಇದೇ ಮುಖ.

ಮುಂದಿನದು ನಮ್ಮ ಜನರ ಕೈವಾಡ. 1973ರ ಅಕ್ಟೋಬರಿನ ನಂತರ ಕೆಲವೇ ತಿಂಗಳಲ್ಲಿ ಜಗತ್ತಿನ ಕಚ್ಚಾತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಪೆಟ್ರೋಲು ಕುಡಿಯುವ ಜೀಪು ರೈತನಿಗೆ ಆನೆ ಸಾಕಿದಂತಾಯಿತು. ಆದರೆ ಮಹೀಂದ್ರದವರು 1963ರಲ್ಲಿಯೇ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯೊಡನೆ ಕೂಡಿ ಟ್ರ್ಯಾಕ್ಟರ್ ತಯಾರಿಕೆಗೆ ಇಳಿದಿದ್ದರು. ಆ ಬಿ-275 ಟ್ರ್ಯಾಕ್ಟರಿನ ಮನೆತನದ ಡೀಸೆಲ್ ಎಂಜಿನ್ನನ್ನೇ ಜೀಪಿಗೂ ಕೂರಿಸಿದರು. ಕಂಪನಿ ಕಾರ್ಖಾನೆಯಲ್ಲಿ ಮಾಡಿದ್ದನ್ನು ಊರೂರ ಮಿಸ್ತ್ರಿಗಳು ಬೇವಿನ ಮರದ ಕೆಳಗೆ ಮಾಡಿದರು. ಎಂಜಿನ್ನಿನ ಹಿಡಿಕೆಗಳನ್ನು ಕತ್ತರಿಸಿ ಬೇರೆ ಬೆಸೆದರು; ಭಾರ ತಡೆಯಲೆಂದು ಮುಂದಿನ ಕಮಾನಿಗೆ ಇನ್ನೊಂದು ಪಟ್ಟಿ ಸೇರಿಸಿದರು. ವೇಗ ಕಡಿಮೆಯಾಯಿತು, ಸದ್ದು ಹೆಚ್ಚಿತು. ಆದರೆ ಟ್ರ್ಯಾಕ್ಟರಿನ ಬಿಡಿಭಾಗ ಸಿಗುವ ಕಡೆಯೆಲ್ಲ ಜೀಪಿನದೂ ಸಿಕ್ಕಂತಾಯಿತು. ಟ್ರ್ಯಾಕ್ಟರ್ ಬಲ್ಲ ಮಿಸ್ತ್ರಿ ಜೀಪನ್ನೂ ಬಲ್ಲವನಾದ. ಮಾವನವರ ಜೀಪಿಗೂ ಹೀಗೆಯೇ ಎಂಜಿನ್ ಬದಲಾಯಿತು. ಆ ಬದಲಾವಣೆ ಅಂದಿನ ನಿಯಮದಂತೆ ನೋಂದಣಿ ಪುಸ್ತಕದಲ್ಲಿ ದಾಖಲೂ ಆಯಿತು. ಆಮೇಲೆ ಮಳೆಗೆ ತಗಡಿನ ಚಾವಣಿ ಬಂತು. ಹತ್ತಿಯ ಅಂಡಿಗೆ ಹೇರಲು ಹಿಂದಿನ ಬಾಗಿಲು ಹೋಯಿತು.

ಮಾವನವರು ತೀರಿಕೊಂಡ ಮೇಲೆ ಹತ್ತು ವರ್ಷ ಅದು ಹಿತ್ತಿಲಿನಲ್ಲಿ ನಿಂತಿತ್ತು. ಅದನ್ನು ಎಬ್ಬಿಸಬೇಕೆಂದು ಹೊರಟವನು ಅವರ ಮೊಮ್ಮಗ. ರಜೆಯ ದಿನಗಳಲ್ಲಿ ನಾನು ರಾಯಚೂರಿನಿಂದ ಹೋಗಿ ಅವನಿಗೆ ಜೊತೆಯಾದೆ. ನನ್ನ ಪಾಲಿನ ಕೆಲಸ ಗುಮಾಸ್ತನದು: ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟುವುದು, ಬಿಚ್ಚಿದ ಕ್ರಮವನ್ನು ಪುಸ್ತಕದಲ್ಲಿ ಬರೆಯುವುದು. ಹಿಡಿದುಹೋದ ನಟ್ಟುಗಳು ಎರಡು ದಿನ ಡೀಸೆಲಿನಲ್ಲಿ ನೆನೆದ ಮೇಲೆ ಬಾಯಿಬಿಟ್ಟವು. ನೆಲದ ತಗಡು ಹಪ್ಪಳದಂತಾಗಿತ್ತು. ಅದನ್ನು ಕತ್ತರಿಸಿ ಹೊಸದನ್ನು ಬೆಸೆಯಲಾಯಿತು. ಚಾಸಿ ಮಾತ್ರ ಗಟ್ಟಿಯಾಗಿತ್ತು. ಬ್ರೇಕಿನ ಸಿಲಿಂಡರುಗಳು, ಗಾಲಿಗಳ ಎಣ್ಣೆ ತಡೆಯುವ ಸೀಲುಗಳು, ವೈರುಗಳು ಎಲ್ಲವೂ ಹೊಸವಾದವು. ಬಣ್ಣವನ್ನು ಕೆರೆದಾಗ ಒಂದರ ಕೆಳಗೊಂದು ಮೂರು ಬಣ್ಣ ಕಂಡವು: ಮೇಲೆ ಮಾವನವರು ಬಳಿಸಿದ ನೀಲಿ, ನಡುವೆ ಬಿಳಿ, ತಳದಲ್ಲಿ ಬೂದುಬಣ್ಣ. ಓಲೆಗರಿಯ ಮೇಲೆ ಬೇರೆ ಬೇರೆ ಕೈಗಳು ಮಾಡಿದ ತಿದ್ದುಗಳನ್ನು ನೋಡಿದಂತೆ ನನಗೆ ಭಾಸವಾಯಿತು.

ಚರ್ಚೆ ಹುಟ್ಟಿದ್ದು ಇಲ್ಲಿಯೇ. ಹುಡುಗನಿಗೆ ದೊಡ್ಡ ಟೈರು, ಕಣ್ಣು ಕುಕ್ಕುವ ದೀಪಗಳು, ಹಳೆಯ ಸೇನಾ ಜೀಪಿನಂತೆ ಒಂಬತ್ತು ಸೀಳಿನ ಮುಂಜಾಲರಿ ಬೇಕಾಗಿತ್ತು. ನಾಗರಿಕ ಜೀಪಿನ ಜಾಲರಿಗೆ ಇರುವುದು ಏಳೇ ಸೀಳು. ಪಟ್ಟಣದ ಅವನ ಗೆಳೆಯನೊಬ್ಬ, ‘ಡೀಸೆಲ್ ಎಂಜಿನ್ ಕಿತ್ತುಹಾಕಿ ಮೂಲದ ಪೆಟ್ರೋಲ್ ಎಂಜಿನ್ ಹುಡುಕಿ ಕೂರಿಸಿ; ಆಗಲೇ ಇದಕ್ಕೆ ಬೆಲೆ’ ಎಂದ. ಹಳೆಯ ಮಿಸ್ತ್ರಿಯನ್ನು ಕೇಳಿದೆವು. ಆತ ಬಾನೆಟ್ಟಿನ ಮೇಲೆ ಕೈಯಾಡಿಸಿ, ‘ಮಾಸ್ತರ್ರೇ, ಇದು ಅರ್ಧ ಜೀಪು, ಅರ್ಧ ಟ್ರ್ಯಾಕ್ಟರ್ ಅದರೀ. ಯಾವ ಅರ್ಧ ಸುಳ್ಳು ಅಂತ ನಾ ಹೇಳ್ಲಿ?’ ಎಂದ. ಪಾಠಾಂತರಗಳನ್ನು ಕುರಿತು ನಾನು ಕೇಳಿರುವ ಉಪನ್ಯಾಸಗಳಲ್ಲಿ ಇಷ್ಟು ಸಂಕ್ಷೇಪವಾದದ್ದು ಬೇರಿಲ್ಲ.

ಕಾನೂನು ಮಾತ್ರ ಈ ಅರ್ಧನಾರೀಶ್ವರನನ್ನು ಒಪ್ಪುವುದಿಲ್ಲ. ಮೋಟಾರು ವಾಹನಗಳ 1988ರ ಕಾಯಿದೆಯ 52ನೆಯ ಕಲಮು 2000ರಲ್ಲಿ ತಿದ್ದುಪಡಿಯಾಯಿತು. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲವೆಂದು 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ರಸ್ತೆಯ ಮೇಲಿನ ಜೀವಗಳ ದೃಷ್ಟಿಯಿಂದ ಇದು ನ್ಯಾಯವೇ. ದೊಡ್ಡ ಟೈರಿನ ಆಸೆಯನ್ನು ಹುಡುಗ ಬಿಟ್ಟದ್ದೂ ಇದರಿಂದಲೇ. 2021ರಲ್ಲಿ ಐವತ್ತು ವರ್ಷ ಮೀರಿದ ವಾಹನಗಳಿಗೆ ‘ವಿಂಟೇಜ್’ ಎಂಬ ಗೌರವದ ನೋಂದಣಿ ಬಂತು. ಅದಕ್ಕೆ ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಚಾಸಿ, ಮೈಕಟ್ಟು, ಎಂಜಿನ್ ಮೂಲದಂತೆಯೇ ಇರಬೇಕೆಂಬುದು ಅದರ ಷರತ್ತು. ಅಂದರೆ ಅರಮನೆಯ ಗ್ಯಾರೇಜಿನಲ್ಲಿ ಮುಸುಕು ಹೊದ್ದು ಮಲಗಿದ್ದ ಕಾರಿಗೆ ಮನ್ನಣೆ. ಎರೆಹೊಲದಲ್ಲಿ ದುಡಿದು, ದುಡಿಯುವುದಕ್ಕಾಗಿಯೇ ಹೃದಯ ಬದಲಾಯಿಸಿಕೊಂಡ ಜೀಪಿಗೆ ಅದಿಲ್ಲ. ಸಾಮಾನ್ಯ ವಾಹನವೆಂದೇ ತಪಾಸಣೆಗೆ ಒಪ್ಪಿಸಿ, ಐದೈದು ವರ್ಷಕ್ಕೆ ಅದರ ನೋಂದಣಿಯನ್ನು ನವೀಕರಿಸಬೇಕು. ಇಲ್ಲವೇ ಗುಜರಿಗೆ ಕೊಡಬೇಕು.

ಮೂಲವೆಂಬುದರ ಮೋಹ ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೂ ಉಂಟು. ಕವಿ ಬರೆದ ಪಾಠವೊಂದೇ ಶುದ್ಧ, ಪ್ರತಿಕಾರರು ಸೇರಿಸಿದ್ದೆಲ್ಲ ಕಲಬೆರಕೆ ಎಂದು ತಿಳಿಯುವವರುಂಟು. ಆದರೆ ಒಳ್ಳೆಯ ಸಂಪಾದಕನು ಪಾಠಾಂತರಗಳನ್ನು ಎಸೆಯುವುದಿಲ್ಲ, ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಒಂದು ಕಾವ್ಯವನ್ನು ಜನ ಹೇಗೆ ಓದಿಕೊಂಡು ಬಂದರೆಂಬ ಚರಿತ್ರೆ ಇರುವುದು ಅಲ್ಲಿಯೇ. ಟೊಲಿಡೊ ಕಾರ್ಖಾನೆಯ ನಕಾಶೆ ಅಮೆರಿಕದ ಚರಿತ್ರೆ. ಅದರ ಹೊಟ್ಟೆಯಲ್ಲಿ ಕುಳಿತ ಟ್ರ್ಯಾಕ್ಟರ್ ಎಂಜಿನ್ ಮಾನ್ವಿ ಸೀಮೆಯ ಚರಿತ್ರೆ. ಎರಡನೆಯದನ್ನು ಕಿತ್ತು ಮೊದಲನೆಯದನ್ನು ಕೂರಿಸಿದರೆ ಗಾಡಿಗೆ ಬೆಲೆ ಬರಬಹುದು. ಆದರೆ ಅದು ನಮ್ಮ ಮಾವನವರ ಜೀಪಾಗಿ ಉಳಿಯುವುದಿಲ್ಲ. ಕೊನೆಗೆ ಅತ್ತೆಯವರ ಮಾತೇ ತೀರ್ಮಾನವಾಯಿತು: ‘ಅವರು ಓಡಿಸಿದ್ದು ಹ್ಯಾಂಗಿತ್ತೋ ಹಾಂಗ ಇರ್ಲಿ.’ ಎಂಜಿನ್ ಉಳಿಯಿತು, ನೀಲಿಯ ಬಣ್ಣವೇ ಮತ್ತೆ ಬಂತು, ಏಳು ಸೀಳು ಏಳಾಗಿಯೇ ಇವೆ.

ನೋಂದಣಿಯ ಪುಸ್ತಕದಲ್ಲಿ ಎಂಜಿನ್ನಿನ ಸಂಖ್ಯೆಗೆ ಜಾಗವಿದೆ, ಬಣ್ಣಕ್ಕೆ ಜಾಗವಿದೆ, ಮಾಲೀಕರ ಹೆಸರುಗಳಿಗೂ ಇದೆ. ಯಾರು, ಏತಕ್ಕಾಗಿ, ಯಾವ ಬರಗಾಲದಲ್ಲಿ ಇದನ್ನು ಬದಲಾಯಿಸಿದರೆಂಬುದಕ್ಕೆ ಅಂಕಣವಿಲ್ಲ. ಸುರಕ್ಷತೆಯ ಪರೀಕ್ಷೆ ಎಷ್ಟು ಕಟ್ಟುನಿಟ್ಟಾದರೂ ಆಗಲಿ. ಅದರಲ್ಲಿ ಗೆದ್ದು, ಹಿಂದೆಯೇ ದಾಖಲಾದ ಬದಲಾವಣೆಗಳಿರುವ ಹಳೆಯ ಗಾಡಿಗೂ ‘ವಿಂಟೇಜ್’ ಗೌರವದ ಒಂದು ಪಾಲು ಸಲ್ಲಬೇಕು. ಶಾಸನದ ದಾನಿ ಒಡೆದದ್ದನ್ನು ಸರಿಪಡಿಸಲು ಹೊಲ ಬಿಟ್ಟನೇ ಹೊರತು, ಸರಿಪಡಿಸಿದ ಗುಡಿ ಗುಡಿಯೇ ಅಲ್ಲವೆಂದು ಎಲ್ಲಿಯೂ ಬರೆಸಲಿಲ್ಲ.