ಗಾಜಿನ ಮೇಲೆ ಒಂದು ಹನಿ: ತೆಳುಪದರ ವರ್ಣರೇಖನದ ಕಥೆ

ರಸಾಯನಶಾಸ್ತ್ರದ ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಲಾವಾಸಿಯೆ, ಡಾಲ್ಟನ್, ಮೆಂಡಲೀವ್ ಮುಂತಾದವರ ಕಡೆಗೆ ಹೋಗುತ್ತದೆ. ಸಿದ್ಧಾಂತ ಕಟ್ಟಿದವರ ಹೆಸರು ಉಳಿಯುತ್ತದೆ. ಉಪಕರಣ ಮಾಡಿಕೊಟ್ಟವರ ಹೆಸರು ಅಷ್ಟಾಗಿ ಉಳಿಯುವುದಿಲ್ಲ. ಇಂದು ಲೋಕದ ಯಾವುದೇ ಸಾವಯವ ರಸಾಯನ ಪ್ರಯೋಗಶಾಲೆಗೆ ಹೋದರೂ ಕಾಣಸಿಗುವ ಒಂದು ಸರಳ ಪದ್ಧತಿಯಿದೆ. ಬಿಳಿಯ ಪುಡಿ ಬಳಿದ ಒಂದು ಪುಟ್ಟ ಫಲಕ, ಅದರ ಬುಡದಲ್ಲಿ ಸೂಜಿಮೊನೆಯಷ್ಟು ದ್ರಾವಣದ ಚುಕ್ಕೆ, ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಅರ್ಧ ಬೆರಳಿನಷ್ಟು ದ್ರಾವಕ. ಇದಕ್ಕೆ ತೆಳುಪದರ ವರ್ಣರೇಖನ, ಅಂದರೆ ಥಿನ್ ಲೇಯರ್ ಕ್ರೊಮ್ಯಾಟೋಗ್ರಫಿ ಎಂದು ಹೆಸರು. ಈ ಪದ್ಧತಿ ಯಾರದು ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಕೊಡುವುದು ಅನ್ಯಾಯವೆಂದು ನನ್ನ ಅಭಿಪ್ರಾಯ. ಅದನ್ನೇ ಇಲ್ಲಿ ಕೊಂಚ ವಿವರಿಸಬಯಸುತ್ತೇನೆ.

ಮೂಲಪುರುಷ ಮಿಖಾಯಿಲ್ ತ್ಸ್ವೆತ್ ಎಂಬ ಸಸ್ಯವಿಜ್ಞಾನಿ. ತಂದೆ ರಷ್ಯದವರು, ತಾಯಿ ಇಟಲಿಯವರು; ಜನನ 1872ರಲ್ಲಿ ಇಟಲಿಯ ಆಸ್ತಿ ಪಟ್ಟಣದಲ್ಲಿ. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂದರೆ ಬಣ್ಣವೆಂದೇ ಅರ್ಥವಿರುವುದು ಒಂದು ವಿನೋದ. ವಾರ್ಸಾದಲ್ಲಿದ್ದಾಗ ಅವರು ಎಲೆಯ ಹಸಿರು ಸಾರವನ್ನು ಪೆಟ್ರೋಲಿಯಂ ಈಥರಿನಂಥ ದ್ರಾವಕದಲ್ಲಿ ಕರಗಿಸಿ, ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯ ಮೂಲಕ ಇಳಿಯಬಿಟ್ಟರು. ಹಸಿರೆಂದು ಕಂಡದ್ದು ಹಸಿರು, ಹಳದಿ ಪಟ್ಟಿಗಳಾಗಿ ಬೇರ್ಪಟ್ಟಿತು. 1903ರಲ್ಲಿ ಉಪನ್ಯಾಸವಾಯಿತು, 1906ರಲ್ಲಿ ಜರ್ಮನ್ ಭಾಷೆಯ ಲೇಖನಗಳಲ್ಲಿ ಕ್ರೊಮ್ಯಾಟೋಗ್ರಫಿ ಎಂಬ ಹೆಸರೂ ಬಂತು. ಆದರೆ ಆ ಕಾಲದ ಘಟಾನುಘಟಿಗಳು ಅದನ್ನು ನಂಬಲಿಲ್ಲ. ತ್ಸ್ವೆತ್ 1919ರಲ್ಲಿ ವೊರೊನೆಶ್‌ನಲ್ಲಿ ತೀರಿಕೊಂಡರು. 1931ರಲ್ಲಿ ಹೈಡೆಲ್‌ಬರ್ಗಿನ ಕೂನ್ ಮತ್ತು ಲೆಡರರ್ ಮೊದಲಾದವರು ಆ ಕೊಳವೆಯನ್ನು ಮತ್ತೆ ಕೈಗೆತ್ತಿಕೊಳ್ಳುವವರೆಗೆ ಪದ್ಧತಿ ಮೂಲೆಗುಂಪಾಗಿಯೇ ಇತ್ತು.

ಕೊಳವೆಯಲ್ಲಿ ಒಂದು ಅನಾನುಕೂಲವಿತ್ತು. ದ್ರಾವಣ ಇಳಿಯಲು ಗಂಟೆಗಟ್ಟಲೆ ಕಾಯಬೇಕು, ಸಾರವೂ ಹೆಚ್ಚಾಗಿ ಬೇಕು. ಆಗಿನ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಯುಕ್ರೇನಿನ ಖಾರ್ಕಿವ್ ನಗರದಲ್ಲಿ ಔಷಧಶಾಸ್ತ್ರದ ಸಂಸ್ಥೆಯೊಂದರಲ್ಲಿದ್ದ ನಿಕೊಲಾಯ್ ಇಜ್ಮೈಲೊವ್ ಮತ್ತು ಮರಿಯಾ ಶ್ರೈಬರ್ ಅವರಿಗೆ ಅಷ್ಟು ವ್ಯವಧಾನವಿರಲಿಲ್ಲ. ಗಿಡಮೂಲಿಕೆಗಳ ಟಿಂಕ್ಚರು ಮತ್ತು ಸಾರಗಳನ್ನು ಬೇಗ ಪರೀಕ್ಷಿಸುವುದು ಅವರ ಕೆಲಸ. ಸೀಸೆಯ ಮೇಲಿನ ಚೀಟಿ ಒಂದು ಗಿಡದ ಹೆಸರು ಹೇಳಿ, ಒಳಗೆ ಇನ್ನೊಂದಿದ್ದರೆ ರೋಗಿಯ ಗತಿಯೇನು? ಇಬ್ಬರೂ ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯ ಮೇಲೆ ಅಲ್ಯುಮಿನಾದಂಥ ಪುಡಿಯನ್ನು ಕಲಸಿ ಸುಮಾರು 2 ಮಿಲಿಮೀಟರ್ ದಪ್ಪಕ್ಕೆ ಬಳಿದರು. ಅದರ ಮೇಲೆ ಸಾರದ ಒಂದು ಹನಿ, ಬಳಿಕ ದ್ರಾವಕದ ಹನಿ. ಹನಿ ಹರಡಿದಂತೆ ಘಟಕಗಳು ಬೇರೆಬೇರೆ ಉಂಗುರಗಳಾದವು. ನೇರಳಾತೀತ ದೀಪದ ಕೆಳಗೆ ಆ ಉಂಗುರಗಳು ತಮ್ಮ ತಮ್ಮ ಬಣ್ಣದಲ್ಲಿ ಹೊಳೆದವು. ತ್ಸ್ವೆತ್ತರ ಕೊಳವೆಯನ್ನೇ ನೆಲಕ್ಕೆ ಹಾಸಿದಂತಾಯಿತು. ಪ್ರತಿಯೊಂದು ಮೂಲಿಕೆಗೂ ತನ್ನದೇ ಉಂಗುರಗಳ ಮಾಲೆ, ಹೆಬ್ಬೆರಳಿನ ಗುರುತಿನ ಹಾಗೆ. 1938ರಲ್ಲಿ ಇದು ರಷ್ಯನ್ ಭಾಷೆಯ ಔಷಧಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ ಯುದ್ಧ ಬಂತು. 1941ರ ಅಕ್ಟೋಬರಿನಲ್ಲಿ ಖಾರ್ಕಿವ್ ಜರ್ಮನ್ ಸೇನೆಯ ವಶವಾಯಿತು.

ಮುಂದಿನ ಹೆಜ್ಜೆಗಳು ಅಮೆರಿಕದಲ್ಲಿ. 1949ರಲ್ಲಿ ಮೈನ್‌ಹಾರ್ಡ್ ಮತ್ತು ಹಾಲ್ ಎಂಬವರು ಪುಡಿ ಉದುರದಂತೆ ಅದಕ್ಕೆ ಪಿಷ್ಟವನ್ನು ಅಂಟಾಗಿ ಬೆರೆಸಿದರು. ಕ್ಯಾಲಿಫೋರ್ನಿಯದ ಪ್ಯಾಸಡೀನದಲ್ಲಿ ಕೃಷಿ ಇಲಾಖೆಯ ಪ್ರಯೋಗಶಾಲೆಯಲ್ಲಿದ್ದ ಜಸ್ಟಸ್ ಕರ್ಚ್ನರ್ ಮತ್ತು ಸಂಗಡಿಗರು ಕಿತ್ತಳೆ ಜಾತಿಯ ಹಣ್ಣುಗಳ ಸುವಾಸನೆಯ ಘಟಕಗಳನ್ನು ಬೇರ್ಪಡಿಸುತ್ತಿದ್ದರು. ಅವರು 1951ರಲ್ಲಿ ಲೇಪಿಸಿದ ಗಾಜಿನ ಪಟ್ಟಿಯನ್ನು ದ್ರಾವಕದಲ್ಲಿ ನೆಟ್ಟಗೆ ನಿಲ್ಲಿಸಿದರು. ದ್ರಾವಕ ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲೇರಿತು, ಉಂಗುರಗಳ ಬದಲು ಸಾಲಾಗಿ ಚುಕ್ಕೆಗಳು ಬಂದವು. ಇಂದು ನಾವು ಮಾಡುವುದು ಬಹುಮಟ್ಟಿಗೆ ಇದನ್ನೇ. ಹಾಗಿದ್ದೂ ಕರ್ಚ್ನರ್ ಅವರಿಗೆ ಸಂದ ಗೌರವ ಕಡಿಮೆಯೇ ಎನ್ನಬೇಕು.

ಹೆಸರಿಟ್ಟವರು ಜರ್ಮನಿಯ ಔಷಧಶಾಸ್ತ್ರಜ್ಞ ಎಗೋನ್ ಸ್ಟಾಲ್, 1956ರಲ್ಲಿ. ಅವರ ಮೊದಲ ಲೇಖನಕ್ಕೂ ಹೆಚ್ಚಿನ ಪ್ರತಿಕ್ರಿಯೆ ಬರಲಿಲ್ಲ. ಕಾರಣ ಸರಳ: ಒಬ್ಬರ ಪುಡಿಯಂತೆ ಇನ್ನೊಬ್ಬರ ಪುಡಿ ಇಲ್ಲ, ಒಬ್ಬರ ಲೇಪನದಷ್ಟು ಇನ್ನೊಬ್ಬರದು ತೆಳುವಲ್ಲ, ಆದ್ದರಿಂದ ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ಬರುವುದಿಲ್ಲ. ಸ್ಟಾಲ್ ಈ ತೊಡಕನ್ನೇ ಬಿಡಿಸಿದರು. 1958ರ ಹೊತ್ತಿಗೆ ಮೆರ್ಕ್ ಕಂಪನಿಯ ಸಿಲಿಕಾ ಜೆಲ್ ಜಿ ಮತ್ತು ಡೆಸಾಗ ಕಂಪನಿಯ ಲೇಪನ ಯಂತ್ರ ಮಾರುಕಟ್ಟೆಗೆ ಬಂದವು. ಆ ‘ಜಿ’ ಜಿಪ್ಸಮ್ಮಿನ ಜಿ; ಪುಡಿಯನ್ನು ಗಾಜಿಗೆ ಕಚ್ಚಿಸುವ ಅಂಟು. (ಕಪ್ಪುಹಲಗೆಯ ಮೇಲೆ ಬರೆಯುವ ಸೀಮೆಸುಣ್ಣವೂ ನಮ್ಮಲ್ಲಿ ಬಹುಪಾಲು ಜಿಪ್ಸಮ್ಮೇ. ಅದರ ಬುಡದಲ್ಲಿ ಶಾಯಿಯ ಚುಕ್ಕೆಯಿಟ್ಟು ನೀರಿನಲ್ಲಿ ನಿಲ್ಲಿಸಿದರೆ ಬಣ್ಣಗಳು ಬೇರೆಯಾಗಿ ಏರುವುದನ್ನು ತರಗತಿಗಳಲ್ಲಿ ಎಷ್ಟೋ ಸಲ ತೋರಿಸಿದ್ದೇನೆ. ತೀರ ಕಡಿಮೆ ಖರ್ಚಿನ ಪ್ರಯೋಗ.) ಪದರದ ದಪ್ಪ ಕಾಲು ಮಿಲಿಮೀಟರಿನಷ್ಟೆಂದು ಸ್ಥಿರವಾಯಿತು. 1962ರಲ್ಲಿ ಸ್ಟಾಲರ ಸಂಪಾದಕತ್ವದ ದೊಡ್ಡ ಕೈಪಿಡಿ ಬಂದ ಮೇಲೆ ಪದ್ಧತಿ ದೇಶದೇಶಗಳಿಗೆ ಹಬ್ಬಿತು.

ಪದಾರ್ಥಗಳು ಹೀಗೆ ಬೇರ್ಪಡುವುದೇಕೆ? ಸಿಲಿಕಾದ ಕಣಗಳ ಮೈಮೇಲೆಲ್ಲ ಹೈಡ್ರಾಕ್ಸಿಲ್ ಗುಂಪುಗಳಿವೆ. ಏರಿಬರುವ ಅಣುವನ್ನು ಅವು ಹಿಡಿದು ನಿಲ್ಲಿಸುತ್ತವೆ, ದ್ರಾವಕ ಬಿಡಿಸಿಕೊಂಡು ಒಯ್ಯುತ್ತದೆ. ಈ ಎಳೆದಾಟದಲ್ಲಿ ಪದಾರ್ಥ ಕ್ರಮಿಸಿದ ದೂರವನ್ನು ದ್ರಾವಕ ಕ್ರಮಿಸಿದ ದೂರದಿಂದ ಭಾಗಿಸಿದರೆ ಬರುವುದೇ ಆರ್‌ಎಫ್ ಮೌಲ್ಯ. ಇದು ಬರಿಯ ಗುರುತಿನ ಸಂಖ್ಯೆಯಲ್ಲ, ಅಣುವಿನ ಸ್ವಭಾವವನ್ನೂ ಹೇಳುತ್ತದೆ. ನೈಟ್ರೋಫೀನಾಲಿನ ಎರಡು ರೂಪಗಳನ್ನು ನೋಡಿ. ಆರ್ಥೋ ರೂಪದಲ್ಲಿ ಹೈಡ್ರಾಕ್ಸಿಲ್ ಗುಂಪೂ ನೈಟ್ರೋ ಗುಂಪೂ ಅಕ್ಕಪಕ್ಕದ ಮನೆಯವರು; ತಮ್ಮೊಳಗೇ ಹೈಡ್ರೋಜನ್ ಬಂಧ ಮಾಡಿಕೊಂಡು ಸಿಲಿಕಾದ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ, ಹಾಗಾಗಿ ಮುಂದೆ ಓಡುತ್ತದೆ. ಪ್ಯಾರಾ ರೂಪದಲ್ಲಿ ಇಬ್ಬರೂ ಊರಿನ ಎರಡು ತುದಿಯಲ್ಲಿದ್ದಾರೆ. ಸಿಲಿಕಾ ಅದನ್ನು ಬಿಗಿಯಾಗಿ ಹಿಡಿಯುತ್ತದೆ, ಅದು ಹಿಂದುಳಿಯುತ್ತದೆ. ನಮ್ಮ ಅಡುಗೆಮನೆಯ ಅರಿಸಿನದಲ್ಲಿಯೂ ಇದೇ ನ್ಯಾಯ. ಅರಿಸಿನದ ಸಾರವನ್ನು ಸಿಲಿಕಾ ಫಲಕದ ಮೇಲೆ ಕ್ಲೋರೋಫಾರ್ಮಿಗೆ ತುಸು ಮೆಥನಾಲ್ ಬೆರೆಸಿ ಏರಿಸಿದರೆ ಒಂದರ ಕೆಳಗೊಂದು ಮೂರು ಹಳದಿ ಚುಕ್ಕೆಗಳು ಬರುತ್ತವೆ. ಮೇಲಿನದು ಎರಡು ಮೆಥಾಕ್ಸಿ ಗುಂಪುಗಳುಳ್ಳ ಕರ್ಕ್ಯುಮಿನ್, ನಡುವಿನದಕ್ಕೆ ಒಂದು ಗುಂಪು, ಕೆಳಗಿನದಕ್ಕೆ ಒಂದೂ ಇಲ್ಲ. ಪಕ್ಕದ ಮೆಥಾಕ್ಸಿ ಗುಂಪು ಹೈಡ್ರಾಕ್ಸಿಲನ್ನು ತನ್ನ ಕಡೆ ಎಳೆದುಕೊಂಡಷ್ಟೂ ಸಿಲಿಕಾದ ಹಿಡಿತ ಸಡಿಲವಾಗುತ್ತದೆ.

ಖಾರ್ಕಿವ್‌ನ ಉಂಗುರಗಳನ್ನು ನೆನೆದಾಗ ಬೆಂಗಳೂರನ್ನೂ ನೆನೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಕೆ. ವಿ. ಗಿರಿ ಮತ್ತು ಅವರ ಸಹೋದ್ಯೋಗಿಗಳು 1952ರ ಸುಮಾರಿಗೆ ವೃತ್ತಾಕಾರದ ಕಾಗದ ವರ್ಣರೇಖನವನ್ನು ಅಮೈನೋ ಆಮ್ಲಗಳ ಪರೀಕ್ಷೆಗೆ ಅಳವಡಿಸಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅಲ್ಲಿ ಗಾಜು, ಇಲ್ಲಿ ಸೋಸುಕಾಗದ. ಮಧ್ಯದಿಂದ ದ್ರಾವಕ ಹರಡಿ ಉಂಗುರಗಳಾಗುವ ರೀತಿ ಮಾತ್ರ ಒಂದೇ. ಹೆಚ್ಚಿನ ಸಲಕರಣೆ ಬೇಡದ ಆ ವಿಧಾನ ನಮ್ಮಂಥ ದೇಶದ ಪ್ರಯೋಗಶಾಲೆಗಳಿಗೆ ಹೇಳಿಮಾಡಿಸಿದಂತಿತ್ತು. ಅದೇ 1952ರಲ್ಲಿ ವರ್ಣರೇಖನದ ಇನ್ನೊಂದು ಕವಲನ್ನು ಬೆಳೆಸಿದ ಇಂಗ್ಲೆಂಡಿನ ಮಾರ್ಟಿನ್ ಮತ್ತು ಸಿಂಜ್ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಸ್ಟಾಲರನ್ನು ತೆಳುಪದರ ವರ್ಣರೇಖನದ ಪಿತನೆಂದು ಕರೆಯುವವರುಂಟು. ಪದ್ಧತಿಯನ್ನು ಎಲ್ಲರ ಕೈಗೆ ಮುಟ್ಟಿಸಿದ ಶ್ರೇಯಸ್ಸು ಅವರದೇ, ಸಂದೇಹವಿಲ್ಲ. ಆದರೆ ಗಾಜಿನ ಮೇಲೆ ಪುಡಿ ಬಳಿದು ಮೊದಲ ಹನಿಯಿಟ್ಟವರು ಖಾರ್ಕಿವ್‌ನವರು. ಅವರ 1938ರ ಲೇಖನದ ಪೂರ್ಣ ಇಂಗ್ಲಿಷ್ ಅನುವಾದ ಅಚ್ಚಾದದ್ದು 1966ರಲ್ಲಿ. ಅಷ್ಟರಲ್ಲಿ ಇಜ್ಮೈಲೊವ್ ತೀರಿಕೊಂಡು ಐದು ವರ್ಷವಾಗಿತ್ತು. ಮರಿಯಾ ಶ್ರೈಬರ್ ಇನ್ನೂ ಇದ್ದರು.