ಬೆಂಗಳೂರು ದಂಡಿನ ಕಾಲ್ಚೆಂಡಾಟ

ನಾಡಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅರಸರ ವಂಶಾವಳಿ, ಯುದ್ಧ, ಶಾಸನ, ದೇವಾಲಯ ಇವುಗಳ ವಿಚಾರವನ್ನು ಹೇಳಿ ತೃಪ್ತರಾಗುವರು. ದುಡಿಯುವ ಜನರು ಸಂಜೆಯ ಹೊತ್ತು ಎಲ್ಲಿ ಗುಂಪುಗೂಡುತ್ತಿದ್ದರು, ಯಾವುದನ್ನು ಕಂಡು ಕೂಗಿ ಕುಣಿಯುತ್ತಿದ್ದರು ಎಂಬುದೂ ಚರಿತ್ರೆಯ ಭಾಗವೇ ಎಂಬ ಭಾವನೆ ನಮ್ಮಲ್ಲಿ ಇನ್ನೂ ಬಲವಾಗಿ ಬೇರೂರಿಲ್ಲ. ಪ್ರಕೃತ ಲೇಖನದ ವಿಷಯವು ಪುಟ್ಬಾಲ್ ಎಂಬ ಕಾಲ್ಚೆಂಡಾಟ. ನಂಜನಗೂಡು, ತಿರುಮಕೂಡಲು ನರಸೀಪುರಗಳ ವಾಚಕರಿಗೆ ಇದು ದೂರದ ಬೆಂಗಳೂರಿನ ಮಾತೆಂದೂ ಪರದೇಶದ ಆಟದ ಮಾತೆಂದೂ ತೋರಬಹುದು. ಆದರೆ ಈ ಆಟವನ್ನು ಆಡಿ ಗೆದ್ದವರು ಒಂದು ಕಾಲದಲ್ಲಿ ಹೊತ್ತಿದ್ದುದು ಮೈಸೂರಿನ ಹೆಸರನ್ನು. ಆದುದರಿಂದ ಇದರಲ್ಲಿ ನಮಗೂ ಪಾಲುಂಟು.

ಈ ಆಟವು ಆಂಗ್ಲ ದೊರೆಗಳು ನಮಗೆ ದಯಪಾಲಿಸಿದ ವಿನೋದವೆಂದು ಹೇಳುವ ವಾಡಿಕೆಯಿದೆ. ಇದು ಅರ್ಧಸತ್ಯ. ಇಂಗ್ಲೆಂಡಿನಲ್ಲಿಯೇ ಈ ಆಟದ ಒಡೆತನ ಒಮ್ಮೆ ಕೈ ಬದಲಾಯಿತೆಂಬುದನ್ನು ಮರೆಯಲಾಗದು. 1863ರಲ್ಲಿ ಲಂಡನ್ನಿನಲ್ಲಿ ಸಂಘವೊಂದು ಕೂಡಿ ನಿಯಮಗಳನ್ನು ಬರೆದಾಗ ಅದರಲ್ಲಿದ್ದವರು ದೊಡ್ಡ ಮನೆತನಗಳವರು, ದೊಡ್ಡ ಶಾಲೆಗಳಲ್ಲಿ ಕಲಿತವರು. 1872ರಲ್ಲಿ ಮೊದಲನೆಯ ಎಫ್.ಎ. ಕಪ್ಪಿನ ಪಂದ್ಯವು ನಡೆದಾಗಲೂ ಎದುರಾಳಿಗಳು ವಾಂಡರರ್ಸ್ ಎಂಬ ಮಹನೀಯರ ತಂಡ ಮತ್ತು ರಾಯಲ್ ಎಂಜಿನಿಯರ್ಸ್ ಎಂಬ ಸೈನ್ಯಾಧಿಕಾರಿಗಳ ತಂಡ. ಆದರೆ 1883ರಲ್ಲಿ ಲಂಕಾಷೈರ್ ಪ್ರಾಂತದ ಬ್ಲಾಕ್‌ಬರ್ನ್ ಒಲಿಂಪಿಕ್ ತಂಡವು ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳನ್ನು 2–1ರಿಂದ ಸೋಲಿಸಿತು. ಗೆದ್ದವರಲ್ಲಿ ನೆಯ್ಗೆಯವರಿದ್ದರು, ನೂಲುವವರಿದ್ದರು, ಕಬ್ಬಿಣದ ಕೆಲಸದವರಿದ್ದರು. ಎರಡು ವರುಷಗಳಲ್ಲಿ, ಎಂದರೆ 1885ರಲ್ಲಿ, ಆಟಕ್ಕೆ ಸಂಬಳ ಪಡೆಯುವುದು ನಿಯಮಬದ್ಧವಾಯಿತು. 1888ರಲ್ಲಿ ಹನ್ನೆರಡು ತಂಡಗಳ ಲೀಗ್ ಹುಟ್ಟಿತು. ಅಂದಿನಿಂದ ಆ ಆಟವು ಗಿರಣಿ ಊರುಗಳ ಸ್ವತ್ತಾಯಿತು.

ಗಿರಣಿಯ ಜನರಿಗೆ ಆಟ ನೋಡಲು ಬಿಡುವು ದೊರೆತುದೂ ಒಂದು ಕಾಯಿದೆಯ ಫಲ. ಗಿರಣಿಗಳಲ್ಲಿ ಹೆಂಗಸರ ಮತ್ತು ಎಳೆಯರ ಕೆಲಸವು ಶನಿವಾರ ಮಧ್ಯಾಹ್ನ 2 ಗಂಟೆಗೆ ನಿಲ್ಲತಕ್ಕುದೆಂದು 1850ರ ಕಾಯಿದೆ ವಿಧಿಸಿತು. ಕ್ರಮೇಣ ಗಂಡಸರಿಗೂ ಆ ಅರ್ಧ ದಿನದ ವಿರಾಮ ದೊರೆಯಿತು. ಕೆಲಸ ಬಿಟ್ಟವರು ನೇರವಾಗಿ ಮೈದಾನಕ್ಕೆ ನಡೆದರು. ಅಲ್ಲಿ ಕುಳಿತುಕೊಳ್ಳಲು ಆಸನಗಳು ಹಣವುಳ್ಳವರಿಗೆ ಮಾತ್ರ. ಉಳಿದವರು ಮಣ್ಣಿನ ದಿಬ್ಬದ ಮೇಲೆ ಕಟ್ಟಿದ ಮೆಟ್ಟಿಲುಗಳಲ್ಲಿ ಭುಜಕ್ಕೆ ಭುಜ ತಗುಲಿಸಿ ನಿಲ್ಲುತ್ತಿದ್ದರು. ಇದನ್ನು ಆ ದೇಶದವರು ಟೆರೇಸ್ ಎಂದು ಕರೆದರು. ನಂಜನಗೂಡಿನಲ್ಲಿ ಕಪಿಲೆಗೆ ಇಳಿಯುವ ಸೋಪಾನವನ್ನು ಪರ್ವಕಾಲದಲ್ಲಿ ಕಂಡವರಿಗೆ, ತಿರುಮಕೂಡಲಿನ ಸಂಗಮದ ಬಳಿ ಮೀಯಲು ನೆರೆಯುವ ಜನರನ್ನು ಕಂಡವರಿಗೆ, ಆ ದೃಶ್ಯವನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಅಲ್ಲಿ ಮೆಟ್ಟಿಲು ನೀರಿಗೆ ಇಳಿಯುತ್ತದೆ, ಇಲ್ಲಿ ಹುಲ್ಲಿನ ಅಂಗಳಕ್ಕೆ ಇಳಿಯುತ್ತದೆ, ಭೇದ ಅಷ್ಟೆ. ಲಿವರ್‌ಪೂಲಿನ ಮೈದಾನದಲ್ಲಿ 1906ರಲ್ಲಿ ಕಟ್ಟಿದ ಇಂಥ ದಿಬ್ಬಕ್ಕೆ ‘ಕಾಪ್’ ಎಂಬ ಹೆಸರು ಬಂದಿತು. ಅದು 1900ರಲ್ಲಿ ದಕ್ಷಿಣ ಆಫ್ರಿಕದ ಸ್ಪಿಯನ್ ಕಾಪ್ ಗುಡ್ಡದ ಮೇಲೆ ನಡೆದ ಯುದ್ಧದ ನೆನಪು. ಅಲ್ಲಿ ಮಡಿದವರಲ್ಲಿ ಲಂಕಾಷೈರಿನ ಸಿಪಾಯಿಗಳು ಅನೇಕರು. 1923ರಲ್ಲಿ ವೆಂಬ್ಲಿಯಲ್ಲಿ ನಡೆದ ಮೊದಲನೆಯ ಕಪ್ ಪಂದ್ಯಕ್ಕೆ ಲೆಕ್ಕಕ್ಕೆ ಸಿಕ್ಕಿದವರೇ 1,26,047 ಮಂದಿ. ಗೋಡೆ ಹತ್ತಿ ಬಂದವರು ಬೇರೆ. ಜನಮರುಳೋ ಜಾತ್ರೆಮರುಳೋ ಎಂಬ ನಮ್ಮ ಗಾದೆಯು ಆ ಜನಕ್ಕೂ ಒಪ್ಪುವಂತಹುದು.

ಇಷ್ಟನ್ನು ಇಲ್ಲಿ ಹೇಳಲು ಕಾರಣವುಂಟು. ಬೆಂಗಳೂರಿನ ದಂಡಿಗೆ ಬಂದ ಬಿಳಿಯ ಸಿಪಾಯಿಯು ಬಹುಮಟ್ಟಿಗೆ ಈ ಮೆಟ್ಟಿಲುಗಳಿಂದಲೇ ಬಂದವನು. ದಂಡು ಪ್ರದೇಶವು 1809ರ ವೇಳೆಗೆ ನೆಲೆಗೊಂಡಿತು. 1881ರಲ್ಲಿ ಮೈಸೂರು ರಾಜ್ಯವು ಒಡೆಯರ ವಂಶಕ್ಕೆ ಮರಳಿದಾಗಲೂ ದಂಡು ಮಾತ್ರ ಆಂಗ್ಲರ ಆಡಳಿತದಲ್ಲಿಯೇ ಉಳಿಯಿತು. ಅಲ್ಲಿಯ ಪಟಾಲಮುಗಳಲ್ಲಿ ಅಧಿಕಾರಿಗಳ ಒಲವು ಪೋಲೋ, ಕ್ರಿಕೆಟ್, ಬೇಟೆಗಳ ಕಡೆಗೆ. ಸಾಮಾನ್ಯ ಸಿಪಾಯಿಗಳಿಗೆ ಒಂದು ಚೆಂಡೂ ಒಂದು ಬಯಲೂ ಇದ್ದರೆ ಸಾಕಾಗಿದ್ದಿತು. ಕಪ್ಪುಗಳನ್ನು ಸ್ಥಾಪಿಸಿದವರು ದೊಡ್ಡವರೇ ಹೌದು. ಸಿಮ್ಲೆಯಲ್ಲಿ 1888ರಲ್ಲಿ ಸರ್ ಮಾರ್ಟಿಮರ್ ಡ್ಯೂರಾಂಡರ ಹೆಸರಿನ ಕಪ್ಪು ಮೊದಲಾಯಿತು. ಮುಂಬಯಿಯಲ್ಲಿ 1891ರಲ್ಲಿ ರೋವರ್ಸ್ ಕಪ್ಪು ಮೊದಲಾಯಿತು. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದುದೂ ಅದೇ 1891ರಲ್ಲಿ. ಆದರೆ ಚೆಂಡನ್ನು ಒದ್ದವರು ದೊಡ್ಡವರಲ್ಲ. ತಮ್ಮ ಊರಿನಲ್ಲಿ ನೆಯ್ಗೆಯವರೂ ಗಣಿಯವರೂ ಆಗಿದ್ದು ಹೊಟ್ಟೆಪಾಡಿಗಾಗಿ ಸೈನ್ಯ ಸೇರಿದವರು ಅವರಲ್ಲಿ ಬಹಳ. ಕ್ರಿಕೆಟ್ಟು ದೊರೆಗಳಿಂದ ಅರಮನೆಗೂ ಕಾಲೇಜಿಗೂ ಬಂದಿತು. ಕಾಲ್ಚೆಂಡಾದರೋ ಆಳಿನಿಂದ ಆಳಿಗೆ ಬಂದಿತು.

ಏಕೆಂದರೆ ಆ ಬಯಲಿನ ಅಂಚಿನಲ್ಲಿ ನಿಂತು ನೋಡಿದವರಾರು? ದಂಡನ್ನು ನಂಬಿ ಬದುಕಿದ ಅಡಿಗೆಯವರು, ಅಗಸರು, ಕುದುರೆ ನೋಡುವವರು, ಚರ್ಮದ ಕೆಲಸದವರು, ಕೂಲಿಗಳು, ಇವರ ಮಕ್ಕಳು. ಹಲಸೂರು, ಗೌತಮಪುರ, ಬ್ಲಾಕ್‌ಪಳ್ಳಿ (ಇಂದಿನ ಶಿವಾಜಿನಗರ), ಆಸ್ಟಿನ್ ಟೌನ್, ಮರ್ಫಿ ಟೌನ್ ಮುಂತಾದ ಬೀದಿಗಳು ಇವರ ನೆಲೆ. ಗೌತಮಪುರಕ್ಕೆ ಇದ್ದ ‘ಗನ್ ಟ್ರೂಪ್’ ಎಂಬ ಹಳೆಯ ಹೆಸರೇ ಅದರ ಹುಟ್ಟನ್ನು ತಿಳಿಸುತ್ತದೆ. ಈ ಬೀದಿಗಳ ಹುಡುಗರು ನೋಡಿ ಕಲಿತರು, ಬರಿಗಾಲಿನಲ್ಲಿ ಆಡಿದರು. ಬರಿಗಾಲನ್ನು ಕೆಲವರು ಬಡತನವೆಂದು ಮರುಗುವರು, ಕೆಲವರು ದೇಶಾಭಿಮಾನವೆಂದು ಕೊಂಡಾಡುವರು. ಬೂಟ್ಸಿಗೆ ಹಣವಿರಲಿಲ್ಲವೆಂಬುದು ನಿಜ. ಗಟ್ಟಿಯಾದ ಒಣ ನೆಲದಲ್ಲಿ ಹೆಬ್ಬೆರಳಿಗೆ ಸಿಕ್ಕಿದ ಚೆಂಡು ಬೂಟ್ಸಿಗೆ ಸಿಗದೆಂಬುದೂ ಅಷ್ಟೇ ನಿಜ. ಮಳೆ ಸುರಿದು ನೆಲ ಕೆಸರಾದಾಗ ಮಾತ್ರ ಬೂಟ್ಸು ತೊಟ್ಟವನ ಕೈ ಮೇಲಾಗುತ್ತಿದ್ದಿತು.

ನೋಡಿ ಕಲಿತವರು ಕಲಿಸಿದವರನ್ನು ಗೆಲ್ಲುವ ದಿನ ಬಂದಿತು. ಕಲಕತ್ತೆಯಲ್ಲಿ ಮೋಹನ್ ಬಾಗಾನ್ ತಂಡವು 1911ರ ಜುಲೈ 29ರಂದು ಈಸ್ಟ್ ಯಾರ್ಕ್‌ಷೈರ್ ಪಟಾಲಮನ್ನು 2–1ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಪಡೆದ ಸಂಗತಿಯು ಸುಪ್ರಸಿದ್ಧವಾದುದು. ಅದರಷ್ಟೇ ದೊಡ್ಡದಾದ ಬೆಂಗಳೂರಿನ ಸಂಗತಿಯು ನಮ್ಮಲ್ಲಿ ಅನೇಕರಿಗೆ ತಿಳಿಯದು. ಮುಂಬಯಿಯ ರೋವರ್ಸ್ ಕಪ್ಪು ಮೊದಲಿನಿಂದಲೂ ಬಿಳಿಯ ಪಟಾಲಮುಗಳ ಕೈಯಲ್ಲಿದ್ದಿತು. 1937ರಲ್ಲಿ ಅದನ್ನು ಭಾರತೀಯರ ನಾಗರಿಕ ತಂಡವೊಂದು ಮೊದಲ ಬಾರಿಗೆ ಗೆದ್ದಿತು. ಆ ತಂಡ ಬೆಂಗಳೂರು ಮುಸ್ಲಿಮ್ಸ್. ಅವರು ಅಂತಿಮ ಪಂದ್ಯದಲ್ಲಿ ಸೋಲಿಸಿದುದು ಕಲಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ಅದು 1934ರಿಂದ 1938ರವರೆಗೆ ಐದು ವರುಷ ಎಡೆಬಿಡದೆ ಕಲಕತ್ತೆಯ ಲೀಗನ್ನು ಗೆದ್ದ ತಂಡ. ಮರುವರುಷ, 1938ರಲ್ಲಿ, ಬೆಂಗಳೂರಿನವರು ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲೆಂಡರ್ಸ್ ಎಂಬ ಸ್ಕಾಟ್ಲೆಂಡಿನ ಪಟಾಲಮನ್ನೇ ಮಣಿಸಿ ಕಪ್ಪನ್ನು ಉಳಿಸಿಕೊಂಡರು. 1948ರಲ್ಲಿ ಮೂರನೆಯ ಬಾರಿ ಪಡೆದರು. ಈಟನ್ನಿನವರಿಗೆ 1883ರಲ್ಲಿ ಬ್ಲಾಕ್‌ಬರ್ನಿನ ನೆಯ್ಗೆಯವರು ಏನಾದರೋ, ಪಟಾಲಮುಗಳಿಗೆ ದಂಡಿನ ಬೀದಿಯ ಹುಡುಗರು ಅದೇ ಆದರು. ಎರಡೂ ಕಡೆ ಮೆಟ್ಟಿಲಿನ ಮೇಲೆ, ಹಗ್ಗದ ಆಚೆ ನಿಂತಿದ್ದವರು ಒಳಗೆ ಬಂದರು.

ಇನ್ನು ಮೈಸೂರಿನ ಹೆಸರಿನ ವಿಚಾರ. ಪ್ರಾಂತಗಳ ನಡುವಣ ಸಂತೋಷ್ ಟ್ರೋಫಿ ಸ್ಪರ್ಧೆಯು 1941ರಲ್ಲಿ ಮೊದಲಾಯಿತು. 1946–47ರ ಸ್ಪರ್ಧೆಯು ಬೆಂಗಳೂರಿನಲ್ಲಿ ನಡೆದು, ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಟ್ರೋಫಿಯನ್ನು ಪಡೆಯಿತು. ದಂಡಿನ ಬೀದಿಗಳಲ್ಲಿ ಪಳಗಿದ ಆಟವೇ ಆ ತಂಡದ ಬಲ. ಆದರೆ ದಂಡು ಪ್ರದೇಶವು ಕಾನೂನಿನ ಪ್ರಕಾರ ಮೈಸೂರಿಗೆ ಮರಳಿ ಸೇರಿದುದು 1947ರ ಜುಲೈ ತಿಂಗಳಿನಲ್ಲಿ. ಸರಕಾರದ ಕಾಗದಪತ್ರಗಳು ದಂಡನ್ನು ಮೈಸೂರಿಗೆ ಸೇರಿಸುವ ಮೊದಲೇ ಅಲ್ಲಿಯ ಹುಡುಗರು ತಮ್ಮನ್ನು ಮೈಸೂರಿನವರೆಂದು ಮೈದಾನದಲ್ಲಿ ತೋರಿಸಿಕೊಟ್ಟಿದ್ದರು. 1952–53ರಲ್ಲಿ, 1967–68ರಲ್ಲಿ, 1968–69ರಲ್ಲಿ ಮೈಸೂರು ಮತ್ತೆ ಮತ್ತೆ ಗೆದ್ದಿತು.

ಸ್ವತಂತ್ರ ಭಾರತದ ತಂಡವು 1948ರ ಜುಲೈ 31ರಂದು ಲಂಡನ್ನಿನ ಒಲಿಂಪಿಕ್ ಕೂಟದಲ್ಲಿ ಫ್ರಾನ್ಸ್ ದೇಶವನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಎರಡು ಪೆನಾಲ್ಟಿಗಳು ವ್ಯರ್ಥವಾಗಿ ನಾವು 1–2ರಿಂದ ಸೋತೆವು. ಆ ಒಂದು ಗೋಲನ್ನು, ಎಂದರೆ ಒಲಿಂಪಿಕ್ ಕಾಲ್ಚೆಂಡಿನಲ್ಲಿ ಭಾರತದ ಮೊದಲನೆಯ ಗೋಲನ್ನು, ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್, ಧನರಾಜ್, ವಜ್ರವೇಲು ಇವರೂ ಇದ್ದರು. ಯಾವ ದೇಶದ ಸಿಪಾಯಿಗಳನ್ನು ನೋಡಿ ಬೆಂಗಳೂರು ಈ ಆಟವನ್ನು ಕಲಿತಿತೋ ಆ ದೇಶದ ರಾಜಧಾನಿಯ ಜನರ ಮುಂದೆಯೇ ಬೆಂಗಳೂರಿನ ಬರಿಗಾಲು ಆ ಗೋಲನ್ನು ಬರೆಯಿತು. ನಾಲ್ಕು ವರುಷಗಳ ಮೇಲೆ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯವು ನಮ್ಮನ್ನು 10–1ರಿಂದ ಸೋಲಿಸಿತು. ಆ ಒಂದು ಗೋಲೂ ಅಹಮದ್ ಖಾನರದು. ಅನಂತರ ಬೂಟ್ಸು ಕಡ್ಡಾಯವಾಯಿತು, ಬರಿಗಾಲಿನ ಕಾಲವು ಮುಗಿಯಿತು.

ಹಿತ್ತಲ ಗಿಡ ಮದ್ದಲ್ಲವೆಂಬ ಮಾತು ಈ ಆಟಗಾರರ ವಿಷಯದಲ್ಲಿ ನಿಜವಾಯಿತೆಂದು ವಿಷಾದದಿಂದ ಹೇಳಬೇಕಾಗಿದೆ. ಅಹಮದ್ ಖಾನರೂ ಧನರಾಜರೂ ಕಲಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಅಪ್ಪಾರಾವ್, ಸಾಲೆ, ವೆಂಕಟೇಶ್ ಇವರೊಡನೆ ಕೂಡಿ ಅಲ್ಲಿಯ ಜನರ ಬಾಯಲ್ಲಿ ಪಂಚಪಾಂಡವರೆನ್ನಿಸಿಕೊಂಡರು. ಆ ಐವರ ಕಾಲದಲ್ಲಿ, 1949ರಿಂದ 1951ರವರೆಗೆ, ಆ ತಂಡವು ಮೂರು ವರುಷ ಒಂದೇ ಸಮನೆ ಐ.ಎಫ್.ಎ. ಷೀಲ್ಡನ್ನು ಗೆದ್ದಿತು. ಬಂಗಾಳಿಗಳು ಅವರನ್ನು ಇಂದಿಗೂ ನೆನೆಯುವರು. ನಮ್ಮ ಕನ್ನಡ ಸಾಹಿತ್ಯದಲ್ಲಾದರೋ ಅವರಿಗೆ ದೊರೆತ ಸ್ಥಳವು ಅತ್ಯಲ್ಪ. ಇದಕ್ಕೆ ಕಾರಣವನ್ನು ಬಹುದೂರ ಹುಡುಕಬೇಕಾಗಿಲ್ಲ. ಅವರ ಮನೆಮಾತು ತಮಿಳು, ದಕ್ಖಣಿ, ತೆಲುಗು. ಅವರ ಬೀದಿ ದಂಡಿನದು. ಅವರ ಕಸುಬು ಕೈಕೆಲಸ. ಪೇಟೆಯಲ್ಲಿಯೂ ಮೈಸೂರಿನಲ್ಲಿಯೂ ಕುಳಿತು ಕನ್ನಡದಲ್ಲಿ ಬರೆದವರ ಕಣ್ಣು ಆ ಎಲ್ಲೆಯನ್ನು ದಾಟಿ ಹೋದುದು ಕಡಮೆ. ಅವರು ಮೈಸೂರನ್ನು ತಮ್ಮದೆಂದರು; ನಾವು ಅವರನ್ನು ನಮ್ಮವರೆನ್ನುವುದಕ್ಕೆ ತಡಮಾಡಿದೆವು.

ಹಳೆಯ ಕಾಲವನ್ನು ನೆನೆಯುವಾಗ ಅದನ್ನು ಹೊನ್ನಿನ ಕಾಲವೆಂದು ಹೊಗಳುವ ದೌರ್ಬಲ್ಯವು ಎಲ್ಲರಿಗೂ ಸಹಜ. ಪಟಾಲಮಿನ ಪಂದ್ಯಗಳನ್ನು ಕೊಂಡಾಡುವ ಭರದಲ್ಲಿ ಆ ಪಟಾಲಮು ಇಲ್ಲಿ ಏತಕ್ಕಾಗಿ ಬೀಡುಬಿಟ್ಟಿದ್ದಿತೆಂಬುದನ್ನು ಮರೆಯುವುದು ತರವಲ್ಲ. ಇಂಗ್ಲೆಂಡಿನ ಮೆಟ್ಟಿಲುಗಳ ವಿಷಯವೂ ಹಾಗೆಯೇ. ಅಲ್ಲಿ ಹಾಡಿತ್ತು, ಸ್ನೇಹವಿತ್ತು, ಅಪಾಯವೂ ಇದ್ದಿತು. ಗ್ಲಾಸ್ಗೋ ನಗರದ ಐಬ್ರಾಕ್ಸ್ ಮೈದಾನದಲ್ಲಿ 1902ರಲ್ಲಿ ಮರದ ಮೆಟ್ಟಿಲು ಕುಸಿದು 25 ಮಂದಿ ಸತ್ತರು. ಬೋಲ್ಟನ್ನಿನಲ್ಲಿ 1946ರ ನೂಕುನುಗ್ಗಲಿನಲ್ಲಿ 33 ಮಂದಿ ಸತ್ತರು. ಷೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ 1989ರ ಏಪ್ರಿಲ್ 15ರಂದು ನಡೆದ ದುರಂತದಲ್ಲಿ ಸತ್ತವರ ಸಂಖ್ಯೆ 97. ಮೊದಲು ತಪ್ಪನ್ನು ಜನರ ಮೇಲೆಯೇ ಹೊರಿಸಲಾಯಿತು. ಅದು ಜನರ ತಪ್ಪಲ್ಲವೆಂದು ನ್ಯಾಯಸಭೆಯು ಸಾರುವ ಹೊತ್ತಿಗೆ 2016 ಬಂದಿದ್ದಿತು. ಆ ದುರಂತದ ಬಳಿಕ ದೊಡ್ಡ ತಂಡಗಳ ಮೈದಾನಗಳಲ್ಲಿ ನಿಲ್ಲುವ ಮೆಟ್ಟಿಲುಗಳು ಹೋಗಿ ಕುರ್ಚಿಗಳು ಬಂದುವು. ಬಡವನ ಜೀವವನ್ನು ಉಳಿಸಲು ಕುರ್ಚಿ ಬೇಕಾಯಿತು. ಕುರ್ಚಿಯ ಬೆಲೆಯು ಅನೇಕ ಬಡವರನ್ನು ಹೊರಗಿಟ್ಟಿತು. ಇವೆರಡನ್ನೂ ಕೂಡಿಸಿ ಹೇಳಿದರೆ ಮಾತ್ರ ಆ ಚರಿತ್ರೆಯು ನ್ಯಾಯವಾಗಿ ಹೇಳಿದಂತಾಗುವುದು.

ನಮ್ಮಲ್ಲಿ ಆಟವು ಸತ್ತಿಲ್ಲ. ರೋವರ್ಸ್ ಕಪ್ಪು ನಿಂತುಹೋಗಿದೆ, ಡ್ಯೂರಾಂಡ್ ಕಪ್ಪು ನಡೆಯುತ್ತಿದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತಂಡದ ಬೆಂಬಲಿಗರು ಕಂಠೀರವ ಕ್ರೀಡಾಂಗಣದ ಪಡುವಣ ಭಾಗದಲ್ಲಿ ನಿಂತು ಹಾಡತೊಡಗಿದರು. 2023ರ ಮಾರ್ಚಿ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮೈಸೂರೆಂಬ ಹೆಸರಿನಿಂದ ಕಡೆಯ ಬಾರಿ ಗೆದ್ದು 54 ವರುಷಗಳು ಕಳೆದಿದ್ದುವು. ಕರ್ನಾಟಕವೆಂಬ ಹೆಸರಿನಿಂದ ಅದೇ ಮೊದಲು.

ಆ ಹಳೆಯ ನಾಲ್ಕು ಗೆಲವುಗಳ ಮೈಸೂರಿನಲ್ಲಿ ನಂಜನಗೂಡೂ ತಿರುಮಕೂಡಲೂ ಸೇರಿದ್ದುವು. ರೈಲಿನ ಕೆಲಸ, ಗಿರಣಿಯ ಕೆಲಸ, ಓದು ಎಂದು ನಮ್ಮ ಎರಡು ತಾಲ್ಲೂಕುಗಳಿಂದ ಬೆಂಗಳೂರಿಗೆ ಹೋಗಿ, ಒಂದು ಸಂಜೆ ಹಗ್ಗದ ಬಳಿ ನಿಂತು ಆ ಆಟವನ್ನು ಕಂಡ ವೃದ್ಧರು ಇನ್ನೂ ಅಲ್ಲಲ್ಲಿ ಇದ್ದಾರು. ಗೆದ್ದವರಾರು, ಎಷ್ಟು ಗೋಲು ಎಂಬುದನ್ನು ದಾಖಲೆಗಳು ಹೇಳುತ್ತವೆ. ಪಕ್ಕದಲ್ಲಿ ನಿಂತವನು ಯಾವ ಭಾಷೆಯಲ್ಲಿ ಕೂಗಿದನು, ಟಿಕೆಟ್ಟಿಗೆ ಎಷ್ಟು ಕಾಸು ಕೊಟ್ಟರು, ಪಂದ್ಯ ಮುಗಿದ ಮೇಲೆ ಯಾವ ದಾರಿಯಲ್ಲಿ ಮನೆಗೆ ನಡೆದರು ಎಂಬುದನ್ನು ಅವರಲ್ಲದೆ ಮತ್ತಾರೂ ಹೇಳಲಾರರು. ಮನೆಯ ಹಿರಿಯರನ್ನು ಕೇಳಿ ಅದನ್ನು ಕನ್ನಡದಲ್ಲಿ ಬರೆದಿಡುವ ಕೆಲಸವನ್ನು ನಮ್ಮ ತರುಣರು ಈ ವರುಷವೇ ಕೈಗೊಳ್ಳತಕ್ಕುದು.