ಕಾವಲಿಯ ಮೇಲೆ ಸ್ಕಾಟ್ಲೆಂಡಿನ ಆಲೂ ರೊಟ್ಟಿ

ಶ್ರಾದ್ಧದ ದಿನ ಆಲೂಗಡ್ಡೆ ಒಲೆಯ ಹತ್ತಿರ ಸುಳಿಯುವಂತಿಲ್ಲ. ಬಸವನಗುಡಿ, ಜಯನಗರಗಳ ಅನೇಕ ಸಂಪ್ರದಾಯಸ್ಥ ಮನೆಗಳಲ್ಲಿ ಈ ನಿಯಮ ಇಂದಿಗೂ ಉಂಟು. ಬಾಳೆಕಾಯಿ, ಹಾಗಲಕಾಯಿ ಸಲ್ಲುತ್ತವೆ; ಆಲೂಗಡ್ಡೆ, ಕೋಸು, ಟೊಮೆಟೊ 'ಇಂಗ್ಲಿಷ್ ತರಕಾರಿ' ಎನಿಸಿ ಹೊರಗುಳಿಯುತ್ತವೆ. ಆದರೆ ಮರುದಿನ ಅದೇ ಮನೆಯವರು ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆಗೆ ಕಾಯುತ್ತ ನಿಂತಿರಬಹುದು. ದೋಸೆಯೊಳಗಿನ ಪಲ್ಯ ಆಲೂಗಡ್ಡೆಯದೇ!

ಇಂಥ ಅನುಮಾನ ನಮ್ಮದು ಮಾತ್ರವಲ್ಲ. ಬೈಬಲ್ಲಿನಲ್ಲಿ ಹೆಸರಿಲ್ಲದ ಗಡ್ಡೆಯೆಂದು ಸ್ಕಾಟ್ಲೆಂಡಿನ ಕೆಲವು ಭಕ್ತರು ಇದನ್ನು ಬಿತ್ತಲು ಒಪ್ಪಲಿಲ್ಲವೆಂಬ ಕಥೆ ಅಲ್ಲಿ ಪ್ರಚಲಿತವಾಗಿದೆ. ಆ ನಾಡು ಇಂದು ತನ್ನದೆಂದು ಹೆಮ್ಮೆಪಡುವ ಬೆಳಗಿನ ತಿಂಡಿಗಳಲ್ಲಿ 'ಟ್ಯಾಟಿ ಸ್ಕೋನ್' ಒಂದು. ಟ್ಯಾಟಿ ಎಂದರೆ ಆಲೂಗಡ್ಡೆ.

ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸೀಮೆ. ಹದಿನಾರನೇ ಶತಮಾನದಲ್ಲಿ ಸ್ಪೇನಿನವರ ಹಡಗುಗಳಲ್ಲಿ ಅದು ಯೂರೋಪಿಗೆ ಬಂದಿತು. ಭಾರತಕ್ಕೆ ಬಂದ ದಾರಿಗಳ ಸುಳಿವು ಹೆಸರುಗಳಲ್ಲೇ ಇದೆ. ನಮ್ಮ ಕರಾವಳಿಯ 'ಬಟಾಟೆ' ಪೋರ್ಚುಗೀಸರ ಮಾತು. ತೆಲುಗಿನ 'ಬಂಗಾಳದುಂಪ' ಎಂದರೆ ಬಂಗಾಳದ ಗಡ್ಡೆ. ಬೆಂಗಳೂರು, ಕೋಲಾರದ ಕಡೆಯ 'ಉರುಳಗಡ್ಡೆ' ತಮಿಳಿನ ಉರುಳೈಕ್ಕಿಳಂಗಿನ ಒಡಹುಟ್ಟು. 1809ರಲ್ಲಿ ಬೆಂಗಳೂರಿಗೆ ಬ್ರಿಟಿಷ್ ದಂಡು ಬಂದ ಮೇಲೆ ಇಂಥ ತರಕಾರಿಗಳಿಗೆ ಸಿದ್ಧ ಮಾರುಕಟ್ಟೆ ದೊರೆಯಿತು. ಜಯನಗರದ ನೆರೆಯ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅದರ ಹಿಂದಿದ್ದವರಲ್ಲಿ ಸ್ಕಾಟಿಷ್ ಮನೆತನದ ವೈದ್ಯ, ಸಸ್ಯವಿಜ್ಞಾನಿ ಹ್ಯೂ ಕ್ಲೆಗಾರ್ನ್ ಪ್ರಮುಖರು. ಪರದೇಶದ ಗಿಡಗಳನ್ನು ಇಲ್ಲಿನ ಮಣ್ಣಿಗೆ ಹೊಂದಿಸುವುದು ಆ ತೋಟದ ಕೆಲಸಗಳಲ್ಲೊಂದಾಗಿತ್ತು.

ಸ್ಕಾಟ್ಲೆಂಡಿನ ಹೊಲಗಳಲ್ಲಿ ಆಲೂಗಡ್ಡೆ ವ್ಯಾಪಕವಾಗಿ ಬೇರೂರಿದ್ದು ಹದಿನೆಂಟನೇ ಶತಮಾನದಲ್ಲಿ. ನೂರು ವರ್ಷಗಳೊಳಗೆ ಬಡವರ ಬದುಕು ಅದನ್ನೇ ನೆಚ್ಚಿತು. 1846ರಲ್ಲಿ ಅಂಗಮಾರಿ ರೋಗ ಬೆಳೆಯನ್ನು ಕೊಳೆಸಿದಾಗ ಉತ್ತರದ ಗುಡ್ಡಗಾಡು ಹಸಿವಿನಿಂದ ತತ್ತರಿಸಿತು. ಸಾವಿರಾರು ಮಂದಿ ಊರು ಬಿಟ್ಟು ಕೆನಡಾ, ಆಸ್ಟ್ರೇಲಿಯಾಗಳಿಗೆ ಹೋದರು.

ಆ ಬಡವರ ಮನೆಗಳಲ್ಲಿ ಓವನ್ ಇರಲಿಲ್ಲ. ಒಲೆಯ ಮೇಲೆ ಸರಪಳಿಯಿಂದ ತೂಗುಬಿಟ್ಟ ಕಬ್ಬಿಣದ ಕಾವಲಿ ಇತ್ತು. ಅದಕ್ಕೆ ಅವರ ಹೆಸರು 'ಗರ್ಡಲ್'. ಅಲ್ಲಿನ ಓಟ್ಸ್, ಬಾರ್ಲಿ ಹಿಟ್ಟುಗಳು ಗೋಧಿಯಂತೆ ಉಬ್ಬುವುದಿಲ್ಲ. ಆದ್ದರಿಂದ ರೊಟ್ಟಿ ತಟ್ಟುವುದೇ ರೂಢಿ. ನಮ್ಮ ರಾಗಿ, ಅಕ್ಕಿ, ಜೋಳಗಳ ಕಥೆಯೂ ಇದೇ ಅಲ್ಲವೇ? ಉಳಿದ ಆಲೂಗಡ್ಡೆಗೆ ಒಂದಿಷ್ಟು ಹಿಟ್ಟು ಬೆರೆಸಿ ಕಾವಲಿಗೆ ಹಾಕಿದಾಗ ಹಿಟ್ಟೂ ಉಳಿಯಿತು, ಹೊಟ್ಟೆಯೂ ತುಂಬಿತು.

ಮನೆಯಲ್ಲಿ ಮಾಡುವುದು ಕಷ್ಟವಲ್ಲ. ಕಾಲು ಕಿಲೋ ಆಲೂಗಡ್ಡೆ, ಸುಮಾರು 60 ಗ್ರಾಂ ಮೈದಾ, 25 ಗ್ರಾಂ ಬೆಣ್ಣೆ, ಉಪ್ಪು ಸಾಕು. ಹೊಸದಾಗಿ ಅಗೆದ ಗಡ್ಡೆಯಲ್ಲಿ ನೀರು ಹೆಚ್ಚು. ಕೆಲವು ವಾರ ಕಳೆದ, ಹಿಟ್ಟುಹಿಟ್ಟಾಗಿ ಬೇಯುವ ಗಡ್ಡೆ ಒಳ್ಳೆಯದು. ಬೇಯಿಸಿ, ನೀರು ಬಸಿದು, ಹಬೆ ಆರಗೊಟ್ಟು, ಬಿಸಿ ಇರುವಾಗಲೇ ಬೆಣ್ಣೆ ಸೇರಿಸಿ ಮಸೆಯಬೇಕು. ಅತಿಯಾಗಿ ನಾದಿದರೆ ಪಿಷ್ಟ ಹೊರಬಂದು ಅಂಟಾಗುತ್ತದೆ. ಮೈದಾ ಬೆರೆಸಿ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ನಾಲ್ಕು ತ್ರಿಕೋನಗಳಾಗಿ ಕತ್ತರಿಸಿ, ಕಾವಲಿಯ ಮೇಲೆ ಮಧ್ಯಮ ಉರಿಯಲ್ಲಿ ಒಂದೊಂದು ಮಗ್ಗುಲನ್ನೂ ಮೂರು ನಾಲ್ಕು ನಿಮಿಷ ಬೇಯಿಸಿದರೆ ಕಂದು ಚುಕ್ಕೆಗಳು ಮೂಡುತ್ತವೆ. ಬಟ್ಟೆಯಲ್ಲಿ ಸುತ್ತಿಟ್ಟರೆ ಮೆತ್ತಗೆ ಉಳಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ಮೊಟ್ಟೆಯ ಜೊತೆ ತಿನ್ನುತ್ತಾರೆ. ಇಲ್ಲಿ ಬೆಣ್ಣೆ, ಚಟ್ನಿಪುಡಿ ಧಾರಾಳವಾಗಿ ಹೊಂದುತ್ತವೆ.

ಓವನ್ ಬಳಸಿ ಮಾಡಿದ ತಿಂಡಿಯನ್ನೂ ಬೆಂಗಳೂರು ಬಿಟ್ಟಿಲ್ಲ. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಮೊಟ್ಟೆಯಿಲ್ಲದ ಬೇಕರಿಗಳನ್ನು ತೆರೆದು, ಬನ್ನಿನೊಳಗೆ ಆಲೂಗಡ್ಡೆ ಪಲ್ಯ ತುಂಬಿದರು. ಇಂಗ್ಲಿಷರ ಬನ್ನು, ಆಂಡಿಸಿನ ಗಡ್ಡೆ, ನಮ್ಮ ಸಾಸಿವೆಯ ಒಗ್ಗರಣೆ ಸೇರಿದ ಪಲ್ಯದ ಬನ್ನನ್ನು ಇಂದು ಯಾರೂ ಪರದೇಶಿ ಎನ್ನುವುದಿಲ್ಲ. ಶ್ರಾದ್ಧದ ಎಲೆ ಮಾತ್ರ, ಈ ಗಡ್ಡೆ ನಮ್ಮ ಹಿರಿಯರ ಕಾಲದಲ್ಲಿ ಇರಲಿಲ್ಲ ಎಂಬುದನ್ನು ಇನ್ನೂ ನೆನಪಿಟ್ಟುಕೊಂಡಿದೆ.